ಹದಿನಾಲ್ಕು ಮೆಟ್ಟಿಲಿನ ಕಾಮಗಾರಿ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರಿಷ್ಟರೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿ, ಬಾಡಿಗೆಗೆ ತಂದ ಕುರ್ಚಿಗಳೂ ಗಾಡಿ ಹತ್ತಿ ಹೋದ ಮೇಲೆ, ಆ ಮನೆಗೆ ಮೊದಲ ಮಾಮೂಲಿ ಬೆಳಗು ಬಂದದ್ದು ಶುಕ್ರವಾರ. ಮಾಮೂಲಿ ಅಂದರೆ, ಹಾಲಿನವನು ಬೆಲ್ ಒತ್ತಿದ, ನಲ್ಲಿಯಲ್ಲಿ ನೀರು ಬಂತು, ಯಾರೂ ಅಳಲಿಲ್ಲ. ಸೊಸೆ ಒಲೆಯ ಮೇಲೆ ಮೂರು ಲೋಟ ಚಹಾಕ್ಕೆ ನೀರಿಟ್ಟಳು. ಆಮೇಲೆ ಒಂದು ಲೋಟದಷ್ಟು ಚೆಲ್ಲಿದಳು. ಅಷ್ಟರಲ್ಲಿ ಹಜಾರದಿಂದ ಮಾವನವರ ಘೋಷಣೆ ಕೇಳಿಸಿತು.

“ಎಣಿಸಿದೆ! ಒಟ್ಟು ಹದಿನಾಲ್ಕು!”

ಸೊಸೆ ಇಣುಕಿ ನೋಡಿದಳು. ಮಾವನವರು ಮಹಡಿ ಮೆಟ್ಟಿಲಿನ ಬುಡದಲ್ಲಿ, ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಸುತ್ತಿಗೆ ಹಿಡಿದು, ದಂಡಯಾತ್ರೆಗೆ ಹೊರಟ ಸೇನಾಪತಿಯ ಹಾಗೆ ನಿಂತಿದ್ದರು. ಸೇನಾಪತಿಗಳು ಸಾಮಾನ್ಯವಾಗಿ ಬನಿಯನ್ನಿನಲ್ಲಿ ಹೊರಡುವುದಿಲ್ಲ, ಅಷ್ಟೇ ವ್ಯತ್ಯಾಸ.

“ಕಾರ್ಪೆಟ್ ಕೀಳ್ತೀನಿ,” ಎಂದರು.

ಆ ಕಾರ್ಪೆಟ್ಟು ಮನೆಯ ಹಿಂದಿನ ಮಾಲೀಕರು ಬಿಟ್ಟುಹೋದ ಆಸ್ತಿ. ಮೆಟ್ಟಿಲಿನ ಬುಡದಿಂದ ಮಹಡಿಯ ಪಡಸಾಲೆಯ ಕೊನೆಯವರೆಗೆ ಒಂದೇ ತುಂಡು. ಒಂದು ಕಾಲದಲ್ಲಿ ಕೆಂಪಗಿತ್ತು ಎಂದು ಹೇಳುವವರಿದ್ದರು. ಈಗ ಒದ್ದೆ ನಾಯಿಯ ಬಣ್ಣ, ಒದ್ದೆ ನಾಯಿಯದೇ ವಾಸನೆ. ಮಗ ಮೂರು ವರ್ಷದಿಂದ “ನಾಳೆ ತೆಗೀತೀನಿ” ಅನ್ನುತ್ತಲೇ ಇದ್ದ. ಒಳ್ಳೆಯ ಮನುಷ್ಯ. ಯಾರಿಗೂ ಇಲ್ಲ ಅನ್ನಲು ಬಾರದೆ ಎಲ್ಲರಿಗೂ ನಾಳೆ ಅನ್ನುತ್ತಿದ್ದ. ಆಮೇಲೆ ಒಂದು ವಾರದ ಜ್ವರ ಬಂತು. ಆ ಜ್ವರ ಮಾತ್ರ ನಾಳೆಗೆ ಕಾಯಲಿಲ್ಲ.

ಕಾರ್ಪೆಟ್ಟಿನ ಮೇಲೆ ಮಾವನವರಿಗೆ ಏಕಾಏಕಿ ಇಷ್ಟು ಸಿಟ್ಟು ಬರಲು ಕಾರಣ ಅವರ ಮಗಳು. ಸೊಸೆಗೆ ಅತ್ತಿಗೆ. ಗುರುವಾರ ಸಂಜೆ ಹೊರಡುವ ಹೊತ್ತಿಗೆ ಆಕೆ ತನ್ನ ಚೀಲ ಹೊತ್ತು ಮಹಡಿಯಿಂದ ಇಳಿಯುತ್ತಿದ್ದಳು. ಐದನೇ ಮೆಟ್ಟಿಲಿನಲ್ಲಿ ಕಾರ್ಪೆಟ್ಟಿನ ಹರುಕು ಕಾಲಿಗೆ ಸಿಕ್ಕಿತು. ಉಳಿದ ಮೆಟ್ಟಿಲುಗಳನ್ನು ಆಕೆ ಕೂತುಕೊಂಡೇ ಇಳಿದಳು. ಬುಡಕ್ಕೆ ಬಂದು ತಲುಪಿದ ಮೇಲೆ, ಎದ್ದೇಳುವ ಮೊದಲೇ, ತೀರ್ಪು ಕೊಟ್ಟಳು.

“ಇದು ಮನುಷ್ಯರು ಇರೋ ಮನೆಯಲ್ಲ. ಅಪ್ಪಾ, ಭಾನುವಾರ ಕಾರು ತರ್ತೀನಿ, ನೀವು ನನ್ನ ಜೊತೆ ಬಂದ್ಬಿಡಿ. ನೀನು ನಿಮ್ಮಣ್ಣನ ಮನೆಗೆ ಹೋಗೇ. ಈ ಮನೆ ಯಾರಿಗಾದ್ರೂ ಬಾಡಿಗೆ ಕೊಡೋಣ.”

ಮಾವ ಸೊಸೆಯ ಮುಖ ನೋಡಲಿಲ್ಲ. ಸೊಸೆ ಮಾವನ ಮುಖ ನೋಡಲಿಲ್ಲ. ಇಬ್ಬರೂ ಕಾರ್ಪೆಟ್ಟನ್ನು ನೋಡಿದರು. ಮನೆ ಬಿಟ್ಟು ಹೋಗಲು ಮಾವನಿಗೆ ಮನಸ್ಸಿಲ್ಲ, ಸೊಸೆಗೂ ಇಲ್ಲ. ಆದರೆ ಮೊದಲು ಬಾಯಿಬಿಡುವವರು ಯಾರು? ಹರೆಯದ ಹುಡುಗಿಯನ್ನು ಮುದುಕನ ಸೇವೆಗೆ ಕಟ್ಟಿಹಾಕಿದ ಎಂದು ಜನ ಅಂದಾರು ಎಂದು ಇವರು. ಗಂಡನಿಲ್ಲದ ಮನೆಗೆ ಅಂಟಿಕೊಂಡಳು ಎಂದು ಅಂದಾರು ಎಂದು ಅವಳು. ಹೀಗೆ ಬೆಳಗಾಗುವ ಹೊತ್ತಿಗೆ ಮಾವನವರು ಒಂದು ನಿರ್ಧಾರಕ್ಕೆ ಬಂದಿದ್ದರು. ಕಾರ್ಪೆಟ್ಟು ಇರುವುದರಿಂದ ತಾನೇ ಮನೆ ಅಪಾಯ? ಕಾರ್ಪೆಟ್ಟೇ ಇಲ್ಲದಿದ್ದರೆ?

“ನಿಮಗೆ ಬರುತ್ತಾ ಮಾವ?” ಎಂದಳು ಸೊಸೆ.

ಕೇಳಬಾರದ ಪ್ರಶ್ನೆ. ಮಾವನವರು ಮೂವತ್ತೊಂದು ವರ್ಷ ಕಟ್ಟಡ ಇಲಾಖೆಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು. ಏಳು ಸೇತುವೆ, ಎರಡು ಆಸ್ಪತ್ರೆ, ಒಂದು ಜೈಲು ಅವರ ಮೇಜಿನ ಮೇಲಿಂದಲೇ ಎದ್ದು ನಿಂತಿದ್ದವು, ಎಲ್ಲವೂ ಕಡತದಲ್ಲಿ. ಸುತ್ತಿಗೆ ಅನ್ನುವ ಪದವನ್ನು ಅವರು ಸಾವಿರ ಸಲ ಬರೆದಿದ್ದರು. ಸುತ್ತಿಗೆಯನ್ನು ಮುಟ್ಟಿದ್ದು ಒಂದೇ ಸಲ, ಬೀಳ್ಕೊಡುಗೆಯ ದಿನ ಜವಾನ ಗೋಡೆಗೆ ಫೋಟೋ ಹಾಕುವಾಗ “ಸ್ವಲ್ಪ ಹಿಡ್ಕೊಂಡಿರಿ ಸಾರ್” ಅಂದಾಗ.

“ಜೈಲು ಕಟ್ಟಿಸಿದೋನಿಗೆ ಮೆಟ್ಟಿಲಾ?” ಎಂದು ಅವರು ಕೆಳಗಿನ ಮೆಟ್ಟಿಲಿನ ಕಾರ್ಪೆಟ್ಟಿನ ತುದಿಗೆ ಇಕ್ಕಳ ಹಾಕಿದರು.

“ಮೇಲಿಂದ ಶುರು ಮಾಡಿದ್ರೆ ಸುಲಭ ಅಲ್ವಾ? ಇಳೀತಾ ಇಳೀತಾ...”

“ನೋಡಮ್ಮಾ, ಪ್ರಪಂಚದಲ್ಲಿ ಯಾವ ಕಾಮಗಾರಿನೂ ಮೇಲಿಂದ ಶುರುವಾಗಿಲ್ಲ. ತಳಪಾಯದಿಂದ ಶುರು. ಅದು ನಿಯಮ.”

“ಅದು ಕಟ್ಟೋಕೆ. ಇದು ಕೀಳೋದು.”

“ಕೀಳೋಕೆ ಬೇರೆ ನಿಯಮ ಇದ್ದಿದ್ರೆ ಸುತ್ತೋಲೆ ಬರ್ತಿತ್ತು.”

ಸುತ್ತೋಲೆ ಬಂದಿರಲಿಲ್ಲ ಅನ್ನುವುದನ್ನು ಸೊಸೆಯೂ ಒಪ್ಪಬೇಕಾಯಿತು. ಅವಳು ಕಾಲೇಜು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು, ಸೋಮವಾರದವರೆಗೆ ರಜೆ. ಚಹಾ ಕೊಟ್ಟು, ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು.

ಇಷ್ಟು ಹೇಳಬೇಕು, ಮಾವನವರು ಮೈಗಳ್ಳರಲ್ಲ. ಕೆಳಗಿನಿಂದ ಒಂದೊಂದೇ ಮೆಟ್ಟಿಲು ಕಿತ್ತು, ಕಿತ್ತದ್ದನ್ನು ಮುಂದಕ್ಕೆ ಸುತ್ತುತ್ತಾ, ಸುತ್ತಿದ್ದನ್ನು ಭುಜದಿಂದ ದೂಡುತ್ತಾ, ಮೆಟ್ಟಿಲಿನ ಅಂಚಿನಲ್ಲೇ ಕಾಲೂರಿ ಮೇಲೆ ಹತ್ತಿದರು. ಸಗಣಿ ಉಂಡೆ ಉರುಳಿಸುವ ಹುಳುವಿನ ಶ್ರದ್ಧೆ. ಮೇಲೆ ತಲುಪಿ, ಅದೇ ಹುಮ್ಮಸ್ಸಿನಲ್ಲಿ ಪಡಸಾಲೆಯದನ್ನೂ ಕೊನೆಯವರೆಗೆ ಸುತ್ತಿದರು. ಸುರುಳಿ ಅವರ ಎದೆಮಟ್ಟಕ್ಕೆ ಬಂತು. ಅದನ್ನು ಮೆಟ್ಟಿಲ ಬಾಯಿಗೆ ತಂದು, ಇನ್ನು ಇಳಿಜಾರಿನ ಕೆಲಸ ಇಳಿಜಾರು ನೋಡಿಕೊಳ್ಳಲಿ ಎಂದು ಒಂದೇ ಒಂದು ಸಲ ಒದ್ದರು.

ಹಿತ್ತಲಲ್ಲಿದ್ದ ಸೊಸೆಗೆ ಮನೆ ಒಮ್ಮೆ ಅದುರಿದ ಹಾಗಾಯಿತು. ಒದ್ದೆ ಕೈಯಲ್ಲೇ ಓಡಿ ಬಂದಳು.

ಮೆಟ್ಟಿಲಿನ ನಡುವೆ, ಏಳನೆಯದು ಎಂಟನೆಯದಕ್ಕೆ ತಿರುಗುವ ಕಡೆ, ಆ ಸುರುಳಿ ಬಾಟಲಿಗೆ ಬಿರಡೆ ಹೊಡೆದ ಹಾಗೆ ಕೂತಿತ್ತು. ಅರ್ಧ ಬಿಚ್ಚಿಕೊಂಡು, ಗೋಡೆಗೂ ಕಟಕಟೆಗೂ ಗಟ್ಟಿಯಾಗಿ ಒತ್ತಿಕೊಂಡು, ಮೇಲೆ ಚಾವಣಿಯವರೆಗೆ ಉಬ್ಬಿ ನಿಂತಿತ್ತು. ಅದರ ಈಚೆ ಏಳು ಬೋಳು ಮೆಟ್ಟಿಲು. ಪೂರ್ತಿ ಬೋಳಲ್ಲ. ಕಾರ್ಪೆಟ್ಟನ್ನು ಕಚ್ಚಿ ಹಿಡಿಯಲೆಂದು ಪ್ರತಿ ಮೆಟ್ಟಿಲಿಗೂ ಹೊಡೆದಿದ್ದ ಮರದ ಪಟ್ಟಿಗಳು ಹಾಗೇ ಇದ್ದವು. ಪಟ್ಟಿಯ ತುಂಬ ಮೊಳೆ. ಮೊಳೆಯ ಮೂತಿಗಳೆಲ್ಲ ಆಕಾಶಕ್ಕೆ.

“ಮಾವ?”

“ಹೂಂ.” ಧ್ವನಿ ಹಾಸಿಗೆಯ ಒಳಗಿನಿಂದ ಬಂದ ಹಾಗಿತ್ತು.

“ಏನಾಯ್ತು?”

“ಏನೂ ಆಗಿಲ್ಲ. ಶೇಕಡ ತೊಂಬತ್ತು ಕಾಮಗಾರಿ ಮುಗಿದಿದೆ.”

“ಉಳಿದ ಹತ್ತು?”

“ಅದರ ಈಚೆ ಕಡೆ ನಾನಿದೀನಿ.”

ಸೊಸೆ ಚಪ್ಪಲಿ ಮೆಟ್ಟಿ ಮೊದಲನೇ ಮೆಟ್ಟಿಲ ಮೇಲೆ ಕಾಲಿಟ್ಟಳು. ಮೊಳೆ ಚಪ್ಪಲಿಯನ್ನು ತೂತು ಮಾಡಿ, ಅಂಗಾಲನ್ನು ಮಾತಾಡಿಸಿ, ನಿಂತಿತು. ಕಪಾಟಿನ ಮೇಲೆ ಗಂಡನ ದಪ್ಪ ಅಟ್ಟೆಯ ಶೂ ಇತ್ತು. ಅದನ್ನು ಅವಳು ನೋಡಿದಳು. ಅಲ್ಲಿಗೆ ಆ ಯೋಚನೆ ಮುಗಿಯಿತು.

“ಮಾವ, ಬಾಲ್ಕನಿಯಿಂದ ಇಕ್ಕಳ ಎಸೀರಿ. ಪಟ್ಟಿ ನಾನು ಕೀಳ್ತೀನಿ.”

ಬಾಲ್ಕನಿಯಿಂದ ಏನೂ ಬೀಳಲಿಲ್ಲ.

“ಇಕ್ಕಳ ಎಲ್ಲಿ ಮಾವ?”

“ಭದ್ರವಾಗಿದೆ.”

“ಎಲ್ಲಿ?”

“ಸುತ್ತೋವಾಗ ಕಾರ್ಪೆಟ್ ಮೇಲೇ ಇಟ್ಟಿದ್ದೆ.”

“ಅಂದ್ರೆ ಒಳಗೆ?”

“ನಟ್ಟನಡುವೆ. ಸುತ್ತಿಗೆನೂ ಅಲ್ಲೇ ಇದೆ. ನನ್ನ ಓದೋ ಕನ್ನಡಕನೂ.”

“ಬಡಗಿಯನ್ನ ಕರೀತೀನಿ ಇರಿ.”

“ಬೇಡ!” ಕಾರ್ಪೆಟ್ಟು ಕೂಡ ಒಮ್ಮೆ ಬೆಚ್ಚಿತು. “ಬಡಗಿಗೆ ಗೊತ್ತಾದ್ರೆ ಬೀದಿಗೆ ಗೊತ್ತಾಗುತ್ತೆ. ಬೀದಿಗೆ ಗೊತ್ತಾದ್ರೆ ನನ್ನ ಮಗಳಿಗೆ ಗೊತ್ತಾಗುತ್ತೆ. ಅಪ್ಪನಿಗೆ ತನ್ನ ಮನೆ ಮಹಡಿಯಿಂದ ಇಳಿಯೋಕೂ ಬರಲ್ಲ ಅಂತ ಆದ್ಮೇಲೆ ಭಾನುವಾರ ಏನು ಉಳೀತು? ಒಂದು ಏಣಿ ತಂದು ಬಾಲ್ಕನಿಗೆ ಹಾಕು, ಸಾಕು. ಹೂವಿನ ಹಾಗೆ ಇಳಿದುಬಿಡ್ತೀನಿ.”

ಏಣಿ ಎಂದರೆ ಪಕ್ಕದ ಮನೆಯ ಪೇಂಟರ್. ಈ ಪೇಂಟರ್ ವಿಚಾರದಲ್ಲಿ ಬೀದಿಯವರು ಎಂಟು ತಿಂಗಳಿಂದ ಒಂದು ವಿಶೇಷ ಗಮನಿಸಿದ್ದರು. ಅವನು ಬಣ್ಣ ಹಚ್ಚಿದ ಮನೆಗಳೆಲ್ಲ ಆಳೆತ್ತರದವರೆಗೆ ಒಂದು ಬಣ್ಣ, ಅದರ ಮೇಲೆ ಹಳೆಯ ಬಣ್ಣ. ಇದೇ ಈಗಿನ ಫ್ಯಾಷನ್ ಎಂದು ತಿಳಿದು ಒಬ್ಬಿಬ್ಬರು ಬೇಕೆಂದೇ ಹಾಗೆ ಮಾಡಿಸಿಕೊಂಡಿದ್ದರು. ಸೊಸೆ ಹೋದಾಗ ಅವನು ತನ್ನದೇ ಮನೆಯ ಮುಂಗೋಡೆಗೆ ಬಣ್ಣ ಹಚ್ಚುತ್ತಿದ್ದ. ಕೆಳಗೆ ಊಟದ ಮೇಜು, ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಬಣ್ಣದ ಡಬ್ಬ, ಡಬ್ಬದ ಮೇಲೆ ಪೇಂಟರ್. ಮೇಜಿನ ಕಾಲನ್ನು ಅವನ ಹೆಂಡತಿ ಹಿಡಿದುಕೊಂಡಿದ್ದಳು, ಮುಖ ಊದಿಸಿಕೊಂಡು.

“ಅಣ್ಣಾ, ನಿಮ್ಮ ಏಣಿ ಸ್ವಲ್ಪ ಬೇಕಿತ್ತು.”

ಡಬ್ಬ ಅಲುಗಿತು. ಪೇಂಟರ್ ಅವಳನ್ನು ನೋಡಿದ. ಅವಳ ತಲೆಯ ಮೇಲಿಂದ ಅವಳ ಮನೆಯ ಬಾಲ್ಕನಿ ನೋಡಿದ. ಆಮೇಲೆ ಗೋಡೆ ನೋಡಿದ.

“ಏಣಿ... ಇಲ್ವಲ್ಲಮ್ಮ. ಒಬ್ರು ತಗೊಂಡಿದಾರೆ.”

“ಯಾರು?”

“ಪಾಪ, ಒಳ್ಳೆಯವರು.”

“ವಾಪಸ್ ಕೊಡಲಿಲ್ವಾ?”

“ನಾಳೆ ಕೊಡ್ತೀನಿ ಅಂದಿದ್ರು.”

“ಹೋಗಿ ಕೇಳಬಹುದಲ್ಲ?”

“ಕೇಳಿ! ಬಾಯಿ ಬಿಟ್ಟು ಕೇಳಿ!” ಎಂದಳು ಹೆಂಡತಿ ಕೆಳಗಿನಿಂದ.

“ನೀನು ಸುಮ್ನೆ ಮೇಜು ಹಿಡ್ಕೋ,” ಎಂದ ಪೇಂಟರ್. “ಇಲ್ಲಮ್ಮ, ಕೇಳೋ ಹೊತ್ತಲ್ಲ. ಅವರ ಮನೇಲಿ ಸ್ವಲ್ಪ ತೊಂದರೆ.”

ಇಂಥ ಮರ್ಯಾದಸ್ಥನ ಏಣಿಯನ್ನು ಇಷ್ಟು ದಿನ ಇಟ್ಟುಕೊಂಡವರು ಎಂಥ ಜನವೋ ಎಂದುಕೊಂಡು ಸೊಸೆ ಬರಿಗೈಯಲ್ಲಿ ಹಿಂತಿರುಗಿದಳು.

ಊಟದ ವ್ಯವಸ್ಥೆ ಆಗಬೇಕಿತ್ತು. ಮಾವನವರು ಬಾಲ್ಕನಿಯಿಂದ ಹಗ್ಗ ಇಳಿಬಿಟ್ಟರು, ಸೊಸೆ ಅದಕ್ಕೆ ಬಕೆಟ್ಟು ಕಟ್ಟಿದಳು, ಬಕೆಟ್ಟಿನಲ್ಲಿ ಮುಚ್ಚಿದ ತಟ್ಟೆ, ನೀರಿನ ಬಾಟಲಿ, ಅಂದಿನ ಪೇಪರು. ಎಳೆಯುವಾಗ ಯಾರೂ ನೋಡುವುದು ಬೇಡ ಎಂದು ಮಾವನವರು ಎರಡು ಸಲ ಕೆಮ್ಮಿ ಸುತ್ತಮುತ್ತ ನೋಡಿದರು. ಆ ಕೆಮ್ಮಿಗೇ ಎದುರುಮನೆಯ ಟೀಚರಮ್ಮ ಕಿಟಕಿಗೆ ಬಂದದ್ದು.

ಟೀಚರಮ್ಮನಿಗೆ ಶಾಲೆಯಿಂದ ನಿವೃತ್ತಿಯಾಗಿತ್ತು, ಮೇಲ್ವಿಚಾರಣೆಯಿಂದ ಆಗಿರಲಿಲ್ಲ. ಮಧ್ಯಾಹ್ನದ ಬಕೆಟ್ಟನ್ನು ಆಕೆ ನೋಡಿದರು. ಸಂಜೆಯ ಬಕೆಟ್ಟನ್ನು ನೋಡಿದರು. ಶನಿವಾರ ಬೆಳಗಿನ ಬಕೆಟ್ಟಿನ ಹೊತ್ತಿಗೆ ರಸ್ತೆ ದಾಟಿ ಬಂದು ಬಾಲ್ಕನಿಯ ಕೆಳಗೇ ನಿಂತರು.

“ಏನು ಸಾರ್, ಬಕೆಟ್ಟಲ್ಲಿ ಊಟ?”

“ಹೌದು. ಏರ್ಪಾಡು ನನ್ನದೇ.”

“ಕೆಳಗೆ ಬರಲ್ವಾ?”

ಬರಲಾಗುವುದಿಲ್ಲ ಅನ್ನುವುದು ಮಾವನವರ ಘನತೆಗೆ ತಕ್ಕ ಮಾತಲ್ಲ. “ಸದ್ಯಕ್ಕೆ ಇಲ್ಲ,” ಎಂದರು.

“ಸದ್ಯಕ್ಕೆ ಅಂದ್ರೆ?”

“ಮುಂದಿನ ಆದೇಶದವರೆಗೆ.”

“ಯಾರ ಆದೇಶ?” ಎಂದು ಟೀಚರಮ್ಮ ಧ್ವನಿ ತಗ್ಗಿಸಿ ಮನೆಯ ಬಾಗಿಲ ಕಡೆ ಕಣ್ಣು ಮಾಡಿದರು. “ಅವಳದ್ದಾ?”

ಮಾವನವರು ಘನವಾಗಿ ನಕ್ಕು ಒಳಗೆ ಹೋದರು. ಅವರ ಲೆಕ್ಕದಲ್ಲಿ ಅದು ಗುಟ್ಟು ಕಾಪಾಡಿದ ನಗು. ಟೀಚರಮ್ಮನ ಲೆಕ್ಕದಲ್ಲಿ ಅದು ನೊಂದ ಜೀವದ ನಗು.

ಅಲ್ಲಿಂದ ಸುದ್ದಿಗೆ ಕಾಲು ಬಂತು. ಬ್ರೆಡ್ ಅಂಗಡಿ ತಲುಪುವ ಹೊತ್ತಿಗೆ ಸೊಸೆ ಮಾವನನ್ನು ಕೋಣೆಯಲ್ಲಿ ಕೂಡಿಹಾಕಿದ್ದಳು. ಇಸ್ತ್ರಿಯವನ ಬಳಿ ಬರುವಾಗ ಬೀಗ ಎರಡಾಗಿತ್ತು. ಔಷಧದಂಗಡಿಯ ಮೆಟ್ಟಿಲೇರುವಾಗ ಮನೆಯ ಮೆಟ್ಟಿಲನ್ನೇ ಕಿತ್ತುಹಾಕಿಸಿದ್ದಳು. “ಓದಿದ ಹುಡುಗಿ ನೋಡಿ, ಬೀಗ ಹಾಕಿದ್ರೆ ಪೊಲೀಸ್ ಕೇಸಾಗುತ್ತೆ, ಮೆಟ್ಟಿಲು ಕಿತ್ರೆ ಯಾವ ಕೇಸಿದೆ?” ಎಂದು ಅಲ್ಲಿ ಒಬ್ಬರು ಬೆರಗಾದರು. ಇದಕ್ಕೆ ವಿರುದ್ಧವಾದ ಪಕ್ಷವೂ ಇತ್ತು. ಮಗ ಹೋದ ನೆಲವನ್ನು ಇನ್ನು ಮೆಟ್ಟುವುದಿಲ್ಲ ಎಂದು ಮುದುಕರೇ ಶಪಥ ಮಾಡಿದ್ದಾರೆ ಅನ್ನುವುದು ಅವರ ವಾದ. ಎರಡೂ ಪಕ್ಷದವರು ಖಚಿತ ಮಾಹಿತಿಗಾಗಿ ಬಾಲ್ಕನಿಯ ಕೆಳಗೆ ಬಂದು ನಿಲ್ಲತೊಡಗಿದರು.

ಟೀಚರಮ್ಮ ಕರ್ತವ್ಯ ಮರೆಯುವವರಲ್ಲ. ಹಿರಿಯ ನಾಗರಿಕರ ಕಲ್ಯಾಣ ಇಲಾಖೆಗೆ ಒಂದು ಫೋನು, ಮುದುಕರ ಮಗಳಿಗೆ ಒಂದು ಫೋನು ಮಾಡಿದರು.

ಇಲಾಖೆಯಿಂದ ಸಣಕಲು ಅಧಿಕಾರಿಯೊಬ್ಬರು ಹನ್ನೊಂದಕ್ಕೆಲ್ಲ ಬಂದರು. ಚೀಲದಿಂದ ಅರ್ಜಿಯ ಹಾಳೆ ತೆಗೆದು, ಬೀದಿಯಲ್ಲೇ ನಿಂತು, ಕತ್ತೆತ್ತಿ ವಿಚಾರಣೆ ಶುರು ಮಾಡಿದರು.

“ನಿಮಗೆ ದಿನಕ್ಕೆ ಎಷ್ಟು ಬಾರಿ ಆಹಾರ ಕೊಡಲಾಗುತ್ತಿದೆ?”

“ಅದು ಯಾವ ನಮೂನೆ?” ಎಂದರು ಮಾವನವರು ಮೇಲಿನಿಂದ.

“ನಮೂನೆ ನಾಲ್ಕು ಸಾರ್.”

“ನಾಲ್ಕು ಮಲಗಿದ್ದಲ್ಲೇ ಇರೋರಿಗೆ. ನಾನು ನಿಂತಿದೀನಲ್ಲ? ನಮೂನೆ ಆರು ತಗೊಳ್ಳಿ. ಎರಡು ಪ್ರತಿ. ಕಾರ್ಬನ್ ಇದೆಯಾ?”

ಅಧಿಕಾರಿ ಚೀಲ ಹುಡುಕಿದರು. ನಮೂನೆ ಆರು ಸಿಕ್ಕಿತು. ಮೇಲಿರುವವರು ಸಾಮಾನ್ಯರಲ್ಲ ಎಂದು ಅವರಿಗೆ ಗೊತ್ತಾಗಿ, ತಮಗೇ ಅರಿಯದ ಹಾಗೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. “ಅಂಚು ಬಿಟ್ಟು ಬರೀರಿ, ಕಡತಕ್ಕೆ ಹೊಲೀಬೇಕಾಗುತ್ತೆ,” ಎಂದು ಮಾವನವರು ಮೇಲಿನಿಂದ ಹೇಳಿಕೊಡುತ್ತಾ ಹೋದರು. ಎಷ್ಟೋ ವರ್ಷದಿಂದ ಅವರ ಧ್ವನಿ ಅಷ್ಟು ತುಂಬಿಬಂದಿರಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು. ಅವಳಿಗೆ ನಗು ಬರುವ ಹಾಗಾಯಿತು. ಬಹಳ ದಿನ ಮುಟ್ಟದ ಬಟ್ಟೆಯೊಂದು ಕೈಗೆ ಸಿಕ್ಕ ಹಾಗೆ, ಇದು ಯಾರದು ಎಂದು ಒಂದು ಗಳಿಗೆ ತಿಳಿಯಲಿಲ್ಲ.

ಆಗ ಕಾರು ಬಂತು.

ಅತ್ತಿಗೆ ಇಳಿದು ಗುಂಪನ್ನು ನೋಡಿದಳು, ಅಧಿಕಾರಿಯನ್ನು ನೋಡಿದಳು, ಬಾಲ್ಕನಿಯಲ್ಲಿ ತೂಗುತ್ತಿದ್ದ ಬಕೆಟ್ಟನ್ನು ನೋಡಿದಳು. ಒಳಗೆ ಹೋಗಿ ಮೆಟ್ಟಿಲನ್ನೂ ನೋಡಿ ಬಂದಳು.

“ನಾನು ಹೋಗಿ ಎರಡು ದಿನ ಆಗಿಲ್ಲ!” ಎಂದು ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. “ಭಾನುವಾರ ಗೀನುವಾರ ಏನೂ ಬೇಡ. ಅಪ್ಪಾ, ಯಾರಾದ್ರೂ ಇಳಿಸ್ತಾರೆ, ಇಳಿದು ನೇರ ಕಾರಲ್ಲಿ ಕೂತ್ಕೊಳ್ಳಿ.”

ಮಾವನವರು ಕಾರನ್ನು ನೋಡಿದರು. ಇಳಿದರೆ ಕಾರು ಎಂದು ಅವರಿಗೆ ಹೊಳೆಯಿತು. ನಿನ್ನೆಯಿಂದ ಅವರು ಆಡುತ್ತಿದ್ದ ಸುಳ್ಳು, ಯಾರಿಗೂ ಹೇಳದೆ ಕೇಳದೆ, ಆ ಗಳಿಗೆಯಲ್ಲಿ ನಿಜವಾಯಿತು.

“ನಾನು ಇಳಿಯಲ್ಲ,” ಎಂದರು.

“ಶಪಥ!” ಎಂದಿತು ಒಂದು ಪಕ್ಷ.

“ಹೆದರಿಸಿದ್ದಾಳೆ!” ಎಂದಿತು ಇನ್ನೊಂದು.

ಅಧಿಕಾರಿ ಸೊಸೆಯ ಕಡೆ ತಿರುಗಿದರು. “ನೋಡಿ ತಾಯಿ, ಒಂದು ಕಾಲಂ ಖಾಲಿ ಇದೆ. ಇವರನ್ನ ನಿಮ್ಮ ಜೊತೆ ಇಟ್ಕೊಳ್ಳೋಕೆ ನಿಮಗೆ ಒಪ್ಪಿಗೆ ಇದೆಯೋ ಇಲ್ಲವೋ?”

ಬೀದಿ ಕಿವಿಯಾಯಿತು.

“ನಾನು ಅವರನ್ನ ಇಟ್ಕೊಳ್ಳೋದೇನು?” ಎಂದಳು ಸೊಸೆ. “ಅವರ ಮನೇಲಿ ನಾನಿರೋದು. ಅವರು ಹೋಗು ಅಂದ್ರೆ ಹೋಗ್ತೀನಿ.”

“ನಾನ್ಯಾವಾಗ ಹೋಗು ಅಂದೆ?” ಎಂದು ಮಾವನವರು ಕಟಕಟೆಯಿಂದ ಬಗ್ಗಿದರು.

“ಇರು ಅಂತಾನೂ ಅನ್ನಲಿಲ್ಲ.”

“ಅದನ್ನ ಬಾಯಿ ಬಿಟ್ಟು ಬೇರೆ ಹೇಳ್ಬೇಕಾ?”

“ಹೂಂ.”

“ಬರೆದು ಕೊಟ್ರೆ ಆಗುತ್ತಾ?”

“ಕೊಡಿ.”

ಮಾವನವರು ಒಳಗೆ ಹೋದರು. ಹತ್ತು ನಿಮಿಷ ಯಾರೂ ಕದಲಲಿಲ್ಲ. ಇಸ್ತ್ರಿಯವನ ಅಂಗಡಿಯಲ್ಲಿ ಯಾರದೋ ಪ್ಯಾಂಟು ಸುಟ್ಟ ವಾಸನೆ ಬಂತು, ಅವನೂ ಕದಲಲಿಲ್ಲ. ಕೊನೆಗೆ ಬಕೆಟ್ಟು ನಿಧಾನವಾಗಿ ಇಳಿಯಿತು. ತಳದಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ. ಸೊಸೆ ಬಿಡಿಸಿದಳು. ಕನ್ನಡಕವಿಲ್ಲದೆ ಬರೆದದ್ದರಿಂದ ಸಾಲುಗಳು ಬಲಕ್ಕೆ ಹೋಗುತ್ತಾ ಹೋಗುತ್ತಾ ಇಳಿಜಾರಾಗಿದ್ದವು.

“ಆದೇಶ. ವಿಷಯ: ಸೊಸೆಯ ವಾಸ್ತವ್ಯ. ಸದರಿ ಸೊಸೆಯು ಸದರಿ ಮನೆಯಲ್ಲಿ ತನಗೆ ಇಷ್ಟವಿರುವಷ್ಟು ಕಾಲ ಇರತಕ್ಕದ್ದು. ಮಾವನಾದ ನಾನೂ ಅಲ್ಲಿಯೇ ಇರತಕ್ಕದ್ದು. ಆಕೆ ಹೋಗಬಯಸಿದ ದಿನ ಯಾವ ಆಕ್ಷೇಪಣೆಯೂ ಇರತಕ್ಕದ್ದಲ್ಲ. ಅಲ್ಲಿಯವರೆಗೆ ಬೆಳಗಿನ ಚಹಾ ನಾನು ಮಾಡತಕ್ಕದ್ದು. ಈ ಆದೇಶ ತಕ್ಷಣದಿಂದ ಜಾರಿಗೆ ಬರುತ್ತದೆ. ಪ್ರತಿ: ಮಗಳಿಗೆ, ಮಾಹಿತಿಗಾಗಿ.”

ಸೊಸೆ ಅದನ್ನು ಎರಡು ಸಲ ಓದಿ, ಅತ್ತಿಗೆಯ ಕೈಗೆ ಕೊಟ್ಟಳು. ಅತ್ತಿಗೆ ಓದಿದಳು. ಅಧಿಕಾರಿ ಆಕೆಯ ಭುಜದ ಮೇಲಿಂದ ಇಣುಕಿ ಓದಿ, “ನಮೂನೆ ಸರಿಯಾಗಿದೆ,” ಎಂದರು.

“ಚಹಾ ಇವರು ಮಾಡ್ತಾರಂತೆ,” ಎಂದಳು ಅತ್ತಿಗೆ ಮೂಗು ಒರೆಸಿಕೊಳ್ಳುತ್ತಾ. “ನಮ್ಮಮ್ಮನಿಗೆ ಒಂದು ದಿನ ಮಾಡಿಕೊಟ್ಟವರಲ್ಲ. ಕುಡಿದು ನೋಡು, ಆಮೇಲೆ ನೀನೇ ಫೋನ್ ಮಾಡ್ತೀಯ, ಕರ್ಕೊಂಡು ಹೋಗಿ ಅಂತ.” ಆಮೇಲೆ ತಲೆಯೆತ್ತಿ, “ಸರಿ ಅಪ್ಪಾ. ಇರಿ. ಆದ್ರೆ ಈ ಬಕೆಟ್ ಸಂಸಾರ ಎಷ್ಟು ದಿನ? ಇಳಿಯೋದು ಹೇಗೆ?”

“ಅಗ್ನಿಶಾಮಕದವರಿಗೆ ಬರೀಬಹುದು,” ಎಂದರು ಅಧಿಕಾರಿ. “ಅವರ ಹತ್ರ ಏಣಿ ಇದೆ. ಮೂರು ಪ್ರತಿ ಬೇಕು. ಬುಧವಾರದ ಒಳಗೆ...”

“ಅಯ್ಯೋ ದೇವ್ರೇ, ಏಣಿ ಅಲ್ಲೇ ಇದೆಯಲ್ರೀ!”

ಎಲ್ಲರೂ ತಿರುಗಿದರು. ಪೇಂಟರ್‌ನ ಹೆಂಡತಿ. ಪೇಂಟರ್ ಅವಳ ಬಾಯಿ ಮುಚ್ಚಲು ಕೈ ತಂದಿದ್ದ, ಕೈಯಲ್ಲಿ ಬ್ರಷ್ಷಿತ್ತು, ಅವಳ ಕೆನ್ನೆಗೆ ಒಂದು ನೀಲಿ ಗೆರೆ ಬಿದ್ದಿತ್ತು.

“ಬಿಡಿ, ಇವತ್ತು ಹೇಳೇ ಹೇಳ್ತೀನಿ! ಎಂಟು ತಿಂಗಳು ಆ ಮೇಜು ಹಿಡಿದು ನನ್ನ ಸೊಂಟ ಬಿತ್ತು. ಅಲ್ಲಿ ನೋಡಿ, ಯಜಮಾನ್ರ ಹಿಂದೆ, ಬಾಲ್ಕನೀಲಿ, ಅವರ ಬನಿಯನ್ನು ಟವೆಲ್ಲು ಎಲ್ಲ ನೇತಾಡ್ತಿದೆಯಲ್ಲ, ಅದೇ ನಮ್ಮ ಏಣಿ!”

ಮಾವನವರು ಹಿಂದಕ್ಕೆ ತಿರುಗಿದರು. ಬಾಲ್ಕನಿಯ ಉದ್ದಕ್ಕೂ, ಎರಡು ಹಳೆಯ ಕುರ್ಚಿಗಳ ಬೆನ್ನಿನ ಮೇಲೆ, ಬಿದಿರಿನ ಉದ್ದನೆಯ ಏಣಿಯೊಂದು ಅಡ್ಡಡ್ಡ ಮಲಗಿತ್ತು. ಒಂದೊಂದು ಹಲ್ಲಿಗೆ ಒಂದೊಂದು ಬಟ್ಟೆ. ಸಂದಿನಲ್ಲಿ ಬಣ್ಣದ ಕಲೆಗಳು, ನೀಲಿ, ಹಳದಿ, ಇಟ್ಟಿಗೆ ಕೆಂಪು. ನಿನ್ನೆ ಮಧ್ಯಾಹ್ನದಿಂದ ಅದಕ್ಕೇ ಒರಗಿಕೊಂಡು ಅವರು ಏಣಿ ಬೇಕು ಎಂದು ಕಾಯುತ್ತಿದ್ದರು.

“ಇದು ಬಟ್ಟೆ ಒಣಗಿಸೋ ಸ್ಟ್ಯಾಂಡಲ್ವಾ?” ಎಂದರು. ಆ ಧ್ವನಿಯಲ್ಲಿ ಕಚೇರಿ ಇರಲಿಲ್ಲ. “ಬಟ್ಟೆ ಹಾಕೋಕೆ ಜಾಗ ಇಲ್ಲ ಅಂತ ಗೊಣಗ್ತಿದ್ದೆ. ಮಗ ತಂದು ಇಟ್ಟ. ಸದ್ಯಕ್ಕೆ ಇದರ ಮೇಲೆ ಹಾಕಿ ಅಪ್ಪಾ ಅಂದ.”

“ಬಲ್ಬ್ ಹಾಕೋಕೆ ಅಂತ ತಗೊಂಡು ಹೋಗಿದ್ರು,” ಎಂದ ಪೇಂಟರ್ ನೆಲ ನೋಡುತ್ತಾ. “ಮೊದಮೊದಲು ನಾಳೆ ಕೇಳೋಣ ಅಂತ ನಾನೂ ಸುಮ್ನಿದ್ದೆ. ಆಮೇಲೆ ಕೇಳೋದು ಹೇಗೆ? ಸಾವಾದ ಮನೆ ಬಾಗಿಲಿಗೆ ಹೋಗಿ ಏಣಿ ಕೊಡಿ ಅನ್ನೋಕಾಗುತ್ತಾ?”

“ನಿನ್ನೆ ನಾನೇ ಬಂದು ಏಣಿ ಕೊಡಿ ಅಂದಾಗ್ಲಾದ್ರೂ ಹೇಳಬಹುದಿತ್ತಲ್ಲ ಅಣ್ಣಾ!” ಎಂದಳು ಸೊಸೆ.

“ಅದು... ನಿಮ್ಮಲ್ಲೇ ಇದೆ ಅಂದ್ರೆ ಕೇಳಿದ ಹಾಗೇ ಆಗುತ್ತಲ್ಲಮ್ಮ,” ಎಂದ ಪೇಂಟರ್.

ಮೊದಲು ನಕ್ಕವಳು ಸೊಸೆ. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಿಲ್ಲಲಿಲ್ಲ. ಆಮೇಲೆ ಅತ್ತಿಗೆ ನಕ್ಕಳು, ಬಾಲ್ಕನಿ ನಕ್ಕಿತು. ಟೀಚರಮ್ಮ ಮಾತ್ರ, ತನಗೆ ಮೊದಲೇ ಅನುಮಾನವಿತ್ತು ಎಂದು ಅಧಿಕಾರಿಗೆ ತಿಳಿಸಿದರು.

ಮಾವನವರು ಬನಿಯನ್ನುಗಳನ್ನು ಒಂದೊಂದಾಗಿ ತೆಗೆದು ಮಡಿಸಿಟ್ಟು, ಬಕೆಟ್ಟಿನ ಹಗ್ಗ ಕಟ್ಟಿ ಏಣಿಯನ್ನು ಇಳಿಸಿದರು. ಪೇಂಟರ್ ಅದನ್ನು ಗೋಡೆಗೆ ಆನಿಸಿ ಹಿಡಿದ. ಮಾವನವರು ಬಗ್ಗಿ ನೋಡಿ, ಒಂದು ಕಾಲು ಈಚೆ ಹಾಕಿ, ಆ ಕಾಲನ್ನು ಮತ್ತೆ ಆಚೆ ತೆಗೆದುಕೊಂಡರು.

“ಇದರ ಓರೆ ಸರಿಯಿಲ್ಲ,” ಎಂದರು.

ಹೂವಿನ ಹಾಗೆ ಇಳಿಯುವ ಮಾತು ಅಲ್ಲಿಗೆ ಮುಗಿಯಿತು. ಸೊಸೆ ಸೆರಗು ಸಿಕ್ಕಿಸಿಕೊಂಡು, ಬ್ರೆಡ್ ಕೊಯ್ಯುವ ಚಾಕುವನ್ನು ಸೊಂಟದಲ್ಲಿಟ್ಟುಕೊಂಡು ತಾನೇ ಏಣಿ ಹತ್ತಿದಳು. ಕೆಳಗೆ ಅತ್ತಿಗೆ ಹಜಾರದಲ್ಲಿ ಸುತ್ತ ನೋಡಿ, “ಅವನ ಶೂ ಇತ್ತಲ್ಲ?” ಎಂದು ತಾನೇ ಕಪಾಟಿನಿಂದ ಇಳಿಸಿ, ಕಾಲು ತೂರಿಸಿ, ಲೇಸು ಬಿಗಿದುಕೊಂಡಳು. ತಮ್ಮನ ಶೂ ಅವಳಿಗೆ ದೋಣಿಯಷ್ಟಿತ್ತು. ಧಡ್ ಧಡ್ ಎಂದು ಮೊಳೆಗಳನ್ನು ತುಳಿಯುತ್ತಾ ಅವಳು ಮೇಲೆ ಬರುವ ಸದ್ದು ಕಾರ್ಪೆಟ್ಟಿನ ಆಚೆ ಸೊಸೆಗೆ ಕೇಳಿಸಿತು. ಯಾರ ನಡಿಗೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಚಾಕು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಕೊಯ್ಯತೊಡಗಿತು.

ಅವಳು ಮೇಲಿನಿಂದ, ಅತ್ತಿಗೆ ಕೆಳಗಿನಿಂದ. ಅರ್ಧ ಗಂಟೆಯಲ್ಲಿ ಆ ಮೂವತ್ತು ವರ್ಷದ ಧೂಳಿನ ಹೊಟ್ಟೆ ಸೀಳಿ ಒಬ್ಬರ ಮುಖ ಇನ್ನೊಬ್ಬರಿಗೆ ಕಂಡಿತು, ಎರಡೂ ಬೂದಿ ಬಣ್ಣ. ಒಳಗಿನಿಂದ ಇಕ್ಕಳ ಬಿತ್ತು, ಸುತ್ತಿಗೆ ಬಿತ್ತು, ಕನ್ನಡಕ ಬಿತ್ತು, ಶುಕ್ರವಾರದಿಂದ ಸೊಸೆ ಹುಡುಕುತ್ತಿದ್ದ ಸಕ್ಕರೆ ಚಮಚವೂ ಬಿತ್ತು.

“ಇದು ಹೇಗೆ?” ಎಂದಳು ಅತ್ತಿಗೆ.

“ತುದಿ ಎಬ್ಬಿಸೋಕೆ ಬೇಕಿತ್ತು,” ಎಂದರು ಮಾವನವರು ಮೇಲಿನಿಂದ.

ಉಳಿದದ್ದು ಮೊಳೆಪಟ್ಟಿ. ಅದನ್ನು ಮಾತ್ರ ತಾನೇ ಕೀಳುವುದಾಗಿ ಮಾವನವರು ಹಟ ಹಿಡಿದರು. ಹದಿನಾಲ್ಕನೇ ಮೆಟ್ಟಿಲ ಮೇಲೆ ಕೂತು, ಪಟ್ಟಿ ಕಿತ್ತು ಸೊಸೆಯ ಕೈಗೆ ಕೊಟ್ಟು, ಒಂದು ಮೆಟ್ಟಿಲು ಕೆಳಗೆ ಜರುಗಿ, ಮತ್ತೆ ಕಿತ್ತು, ಮತ್ತೆ ಜರುಗಿ, ಸಂಜೆಯ ಹೊತ್ತಿಗೆ ಬುಡ ಮುಟ್ಟಿದರು. ತಮ್ಮ ಮನೆಯ ಮಹಡಿಯಿಂದ ಇಳಿಯಲು ಅವರಿಗೆ ಒಂದೂವರೆ ದಿನ ಹಿಡಿದಿತ್ತು. ಕಾರ್ಪೆಟ್ಟಿನ ಕೆಳಗೆ ಇದ್ದದ್ದು ಜೇನುಬಣ್ಣದ ಗಟ್ಟಿ ಮರ.

“ಮೇಲಿಂದ ಶುರು ಮಾಡಿದ್ರೆ ಸುಲಭ ಅಂತ ನಾನು ಮೊದಲೇ ಹೇಳಿದ್ದೆ,” ಎಂದರು ಎಲ್ಲರಿಗೂ ಕೇಳುವ ಹಾಗೆ. ಸೊಸೆ ಪಟ್ಟಿಗಳನ್ನು ಎಣಿಸಿ ಕಟ್ಟು ಕಟ್ಟಿದಳು. ಅತ್ತಿಗೆ ಕಾರು ಹತ್ತುವ ಮೊದಲು ಹದಿನಾಲ್ಕು ಮೆಟ್ಟಿಲನ್ನೂ ಒಮ್ಮೆ ಹತ್ತಿ ಇಳಿದು ತೋರಿಸಬೇಕಾಯಿತು. ಬೀಳಲಿಲ್ಲ. ಶೂವನ್ನು ಅವಳು ಬಿಚ್ಚಿ ಬಾಗಿಲ ಬಳಿ, ಉಳಿದ ಚಪ್ಪಲಿಗಳ ಸಾಲಿನಲ್ಲಿ ಇಟ್ಟು ಹೋದಳು.

ಭಾನುವಾರ ಬೆಳಿಗ್ಗೆ ಆದೇಶದ ಪ್ರಕಾರ ಮಾವನವರು ಚಹಾ ಮಾಡಿದರು. ಎರಡು ಲೋಟ, ಅಳತೆ ಸರಿಯಾಗಿತ್ತು. ರುಚಿಯ ವಿಚಾರದಲ್ಲಿ ಅತ್ತಿಗೆಯ ಮಾತೇ ಸರಿ. ಸೊಸೆ ಪೂರ್ತಿ ಕುಡಿದಳು. ಆಮೇಲೆ ಒದ್ದೆ ಬಟ್ಟೆಯಿಂದ ಏಣಿಯ ಹಲ್ಲುಗಳನ್ನು ಒಂದೊಂದಾಗಿ ಒರೆಸಿದಳು. ಮುಂದಿನ ತುದಿ ಅವಳ ಹೆಗಲಿಗೆ, ಹಿಂದಿನ ತುದಿ ಮಾವನವರ ಹೆಗಲಿಗೆ. “ಎಡಕ್ಕೆ... ಇನ್ನೂ ಎಡಕ್ಕೆ... ಗೇಟು ನೋಡ್ಕೋ...” ಎಂದು ನಿರ್ದೇಶನ ಕೊಡುತ್ತಾ ಮಾವನವರು ಹಿಂದಿನ ತುದಿಯಿಂದ ತಮ್ಮದೇ ಹೂವಿನ ಕುಂಡ ಒಡೆದರು.

ಪೇಂಟರ್ ಅಂಗಳದಲ್ಲಿದ್ದ. ಮೇಜು ಅಡುಗೆಮನೆಗೆ ಹೋಗಿತ್ತು.

“ಏನಮ್ಮಾ, ಇಷ್ಟು ಅವಸರ ಏನಿತ್ತು?” ಎಂದ. “ಇವತ್ತು ಭಾನುವಾರ ಬೇರೆ. ನಾಳೆ ಕೊಟ್ಟಿದ್ರೂ ಆಗ್ತಿತ್ತು.”

“ನಾಳೆ ಅಂದಿದ್ರಲ್ಲ ಅವರು,” ಎಂದಳು ಸೊಸೆ. “ಇದೇ ಆ ನಾಳೆ.”

ಪೇಂಟರ್ ಏಣಿಯನ್ನು ಇಸಿದುಕೊಂಡ. ಹೆಗಲ ಮೇಲೆ ತೂಗಿ ನೋಡಿದ, ಪರಿಚಯದವರ ಕೈ ಹಿಡಿದ ಹಾಗೆ ಒಂದೆರಡು ಹಲ್ಲು ಸವರಿದ. ಆಮೇಲೆ ಸಂಕೋಚದಿಂದ ಮಾವನವರ ಮುಖ ನೋಡಿ, “ಯಜಮಾನ್ರ ಬಟ್ಟೆ ಒಣಗಿಸೋಕೆ ತೊಂದರೆ ಆಗಲ್ವಾ? ಬೇಕಿದ್ರೆ ರಜೆ ದಿನ...” ಎಂದ.

ಒಳಗಿನಿಂದ ಅವನ ಹೆಂಡತಿ ಕೆಮ್ಮಿದಳು.

“ಬೇಡ ಅಣ್ಣಾ,” ಎಂದಳು ಸೊಸೆ. “ಬಕೆಟ್ಟಿನ ಹಗ್ಗ ಕಟ್ಟಿದೀವಿ.”

ಪೇಂಟರ್ ಏಣಿಯನ್ನು ಗೋಡೆಗೆ ಆನಿಸಿ, ಡಬ್ಬ ನೇತುಹಾಕಿಕೊಂಡು, ಎಂಟು ತಿಂಗಳಿಂದ ಬಾಕಿಯಿದ್ದ ಮೇಲಿನ ಅರ್ಧಕ್ಕೆ ನೀಲಿ ಹಚ್ಚಲು ಹತ್ತತೊಡಗಿದ. ಕೆಳಗೆ ನಿಂತ ಮಾವನವರು ಕತ್ತೆತ್ತಿ, ಯಾವ ಗೋಡೆಗೂ ಬಣ್ಣ ಮೇಲಿನಿಂದ ಹಚ್ಚಬಾರದೆಂದೂ ಅದಕ್ಕೊಂದು ನಿಯಮವಿದೆಯೆಂದೂ ವಿವರಿಸಲು ಶುರು ಮಾಡಿದರು. ಸೊಸೆ ಅವರ ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದಳು.